ಪೊಟ್ಯಾಷ್ ಬೆಲೆ, ಹುಲ್ಲಿನ ಲೆಕ್ಕ ಮತ್ತು ಭತ್ತದ ರೈತ



ನಾಟಿ ಕಾಲ ಬಂತೆಂದರೆ ಗೊಬ್ಬರದಂಗಡಿ ಮುಂದೆ ಕೇಳುವ ಮಾತು ಎರಡೇ. "ಯೂರಿಯಾ ಬಂತಾ? ಡಿ.ಎ.ಪಿ. ಇದೆಯಾ?" ಪೊಟ್ಯಾಷ್ ಬಂತಾ ಎಂದು ಕೇಳುವವರು ಬೆರಳೆಣಿಕೆ ಮಂದಿ. ಯೂರಿಯಾ ಸಿಗದಿದ್ದರೆ ನಾವು ರಸ್ತೆಗೆ ಇಳಿಯುತ್ತೇವೆ, ತಾಲ್ಲೂಕು ಕಚೇರಿ ಮುಂದೆ ಕೂರುತ್ತೇವೆ. ಗೊಬ್ಬರಕ್ಕಾಗಿ ಪ್ರಾಣ ಕೊಟ್ಟವರೂ ನಮ್ಮಲ್ಲಿದ್ದಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು, ಇಬ್ಬರು ರೈತರು ಜೀವ ಬಿಟ್ಟದ್ದನ್ನು ನಾವು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಪೊಟ್ಯಾಷ್ ಸಿಗದಿದ್ದರೆ, ಅಥವಾ ಸಿಕ್ಕರೂ ಬೆಲೆ ಕೈಗೆ ಎಟುಕದಿದ್ದರೆ, "ಬಿಡಪ್ಪಾ, ಈ ಸಲ ಅದಿಲ್ಲದೇ ಆಗುತ್ತೆ" ಅಂತ ಸುಮ್ಮನೆ ಮನೆ ದಾರಿ ಹಿಡಿಯುತ್ತೇವೆ.

ಹೀಗೆ ಬಿಟ್ಟು ಬಂದ ಆ ಮೂರನೇ ಚೀಲದ ಬಗ್ಗೆಯೇ ಈ ಸಲದ ಮಾತು. ಅದನ್ನು ಬಿಟ್ಟದ್ದರಿಂದ ದುಡ್ಡು ಉಳಿಯಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ ಉಳಿಯಿತೇ? ಅಥವಾ ಸಾಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತೇ? ಲೆಕ್ಕ ಹಾಕಿ ನೋಡೋಣ.

ನಾವೇಕೆ ಪೊಟ್ಯಾಷ್ ಬಿಟ್ಟೆವು?

ರೈತನಿಗೆ ತಿಳಿವಳಿಕೆ ಇಲ್ಲ, ಆದ್ದರಿಂದ ಬರೀ ಯೂರಿಯಾ ಸುರಿಯುತ್ತಾನೆ ಎಂದು ಪಟ್ಟಣದ ಪಂಡಿತರು ಭಾಷಣ ಮಾಡುತ್ತಾರೆ. ಇದು ಸುಳ್ಳು ಸ್ವಾಮಿ. ರೈತನಿಗೆ ಬೆಲೆ ಓದಲು ಬರುತ್ತದೆ. ಬೆಲೆ ಯಾವ ಕಡೆ ತಳ್ಳಿತೋ ಆ ಕಡೆ ಹೋದ, ಅಷ್ಟೆ.

1992ರ ಆಗಸ್ಟ್ 25ರವರೆಗೆ ಎಲ್ಲ ಮುಖ್ಯ ರಸಗೊಬ್ಬರಗಳ ಬೆಲೆಯನ್ನೂ ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತಿತ್ತು. ಅಂದು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ನಿಯಂತ್ರಣದಿಂದ ಕೈಬಿಟ್ಟರು, ಯೂರಿಯಾ ಒಂದನ್ನು ಉಳಿಸಿಕೊಂಡರು. ಆಮೇಲೆ ರಿಯಾಯಿತಿ ಕೊಟ್ಟು ಬೆಲೆಯನ್ನು ಒಂದಷ್ಟು ಹಿಡಿದಿಟ್ಟರು. 2010ರ ಏಪ್ರಿಲ್ 1ರಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ಎಂಬ ಹೊಸ ಪದ್ಧತಿ ತಂದರು. ಒಂದು ಕಿಲೋ ಪೋಷಕಾಂಶಕ್ಕೆ ಸರ್ಕಾರ ಇಂತಿಷ್ಟು ಎಂದು ಕೊಡುವುದು, ಚೀಲದ ಮೇಲಿನ ಬೆಲೆಯನ್ನು ಕಂಪನಿಗಳು ಹಾಕಿಕೊಳ್ಳುವುದು. ಯೂರಿಯಾವನ್ನು ಈ ಪದ್ಧತಿಯಿಂದ ಹೊರಗಿಟ್ಟರು.

ಪರಿಣಾಮ ಏನಾಯಿತು ನೋಡಿ. 2010ರ ಮಾರ್ಚ್ ಕೊನೆಯಲ್ಲಿ ಪೊಟ್ಯಾಷ್ ಟನ್ನಿಗೆ 4,455 ರೂಪಾಯಿ, ಅಂದರೆ 50 ಕಿಲೋ ಚೀಲಕ್ಕೆ ಸುಮಾರು 223 ರೂಪಾಯಿ. 2012-13ರ ಹೊತ್ತಿಗೆ ಟನ್ನಿಗೆ 16,000ದ ಆಸುಪಾಸು ಹೋಯಿತು. 2022ರಲ್ಲಿ ಚೀಲ 1,700 ರೂಪಾಯಿ ಮುಟ್ಟಿತು.

ಚೀಲದ ಲೆಕ್ಕ ಬಿಟ್ಟು ಒಳಗಿನ ಸತ್ವದ ಲೆಕ್ಕ ಮಾಡೋಣ. ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ 60 ಪಾಲು ಸತ್ವ, 50 ಕಿಲೋ ಚೀಲದಲ್ಲಿ 30 ಕಿಲೋ. 2010ರ ಮಾರ್ಚಿನಲ್ಲಿ ಒಂದು ಕಿಲೋ ಪೊಟ್ಯಾಷ್ ಸತ್ವಕ್ಕೆ ಏಳೂವರೆ ರೂಪಾಯಿಯೂ ಬೀಳುತ್ತಿರಲಿಲ್ಲ. ಅದೇ ದಿನ ಯೂರಿಯಾದ ಸಾರಜನಕ ಕಿಲೋಗೆ ಹತ್ತೂವರೆ ರೂಪಾಯಿ. ಅಂದರೆ ಪೊಟ್ಯಾಷೇ ಅಗ್ಗವಾಗಿತ್ತು! 2022ರಲ್ಲಿ ಯೂರಿಯಾದ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ, ಸಾರಜನಕ ಕಿಲೋಗೆ 13 ರೂಪಾಯಿಯ ಒಳಗೆ. ಪೊಟ್ಯಾಷ್ ಸತ್ವ ಕಿಲೋಗೆ 56 ರೂಪಾಯಿ 67 ಪೈಸೆ. ನಾಲ್ಕು ಪಟ್ಟಿಗೂ ಮೇಲೆ. ಹನ್ನೆರಡು ವರ್ಷದಲ್ಲಿ ತಕ್ಕಡಿ ಪೂರ್ತಿ ತಿರುಗಿತು. ತಕ್ಕಡಿ ತಿರುಗಿಸಿದವರು ಯಾರು, ರೈತನೇ?

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಪ್ರಮಾಣದಲ್ಲಿ ಇರಬೇಕು ಎಂದು ಸರ್ಕಾರವೇ ಹೇಳುತ್ತ ಬಂದಿದೆ. 2009-10ರಲ್ಲಿ ಅದು 4.3:2:1 ಇತ್ತು, ಹೆಚ್ಚು ಕಡಿಮೆ ಸರಿಯಾಗೇ ಇತ್ತು. 2012-13ರಲ್ಲಿ 8.2:3.2:1 ಆಯಿತು. ಮೂರೇ ವರ್ಷದಲ್ಲಿ ದೇಶದ ರೈತರೆಲ್ಲ ಒಟ್ಟಿಗೆ ತಿಳಿವಳಿಕೆ ಕಳೆದುಕೊಂಡರೇ? ಬೆಲೆ ಅವರ ಕೈ ಕಟ್ಟಿತು.

ಈಗ ಭತ್ತದಲ್ಲಿ ಅಳೆಯೋಣ, ಏಕೆಂದರೆ ನಮ್ಮ ನಾಣ್ಯ ಭತ್ತವೇ. 2009-10ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 1,000 ರೂಪಾಯಿ. ಒಂದು ಕ್ವಿಂಟಲ್ ಭತ್ತ ಹಾಕಿದರೆ ನಾಲ್ಕೂವರೆ ಚೀಲ ಪೊಟ್ಯಾಷ್ ಬರುತ್ತಿತ್ತು. 2022-23ರಲ್ಲಿ ಬೆಂಬಲ ಬೆಲೆ 2,040. ಅದೇ ಕ್ವಿಂಟಲಿಗೆ ಬಂದದ್ದು ಒಂದೂಕಾಲು ಚೀಲಕ್ಕೂ ಕಡಿಮೆ. ಅದೂ ಬೆಂಬಲ ಬೆಲೆ ಪೂರ್ತಿ ಕೈಗೆ ಸಿಕ್ಕಿದವನಿಗೆ. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಕಣದಲ್ಲೇ ಮಾರಿಕೊಂಡವನ ಲೆಕ್ಕ ಇನ್ನೂ ಕೆಳಗೆ. ಬೆಂಬಲ ಬೆಲೆ ಎರಡು ಪಟ್ಟು ಮಾಡಿದೆವು ಎಂದು ವೇದಿಕೆ ಮೇಲೆ ಹೇಳುವವರು ಗೊಬ್ಬರದ ಬೆಲೆ ಏಳೂವರೆ ಪಟ್ಟು ಆದದ್ದನ್ನು ಯಾಕೆ ಹೇಳುವುದಿಲ್ಲ?

ಇಳಿದ ಬೆಲೆ ಯಾರ ಕಿಸೆಗೆ ಹೋಯಿತು?

"ಪೊಟ್ಯಾಷ್ ನಮ್ಮ ದೇಶದಲ್ಲಿ ತೆಗೆಯುವುದಿಲ್ಲ, ಕೆನಡಾ, ರಷ್ಯಾ, ಬೆಲಾರೂಸ್, ಇಸ್ರೇಲ್, ಜೋರ್ಡಾನುಗಳಿಂದ ಹಡಗಿನಲ್ಲಿ ಬರಬೇಕು. ಅಲ್ಲಿ ಬೆಲೆ ಏರಿದರೆ ನಾವೇನು ಮಾಡೋಣ?" ಇದು ಸರ್ಕಾರದ ಉತ್ತರ. ಅರ್ಧ ನಿಜ. 2022ರಲ್ಲಿ ಬೆಲಾರೂಸಿನ ಮೇಲಿನ ನಿರ್ಬಂಧ, ಯುಕ್ರೇನ್ ಯುದ್ಧಗಳಿಂದ ಬೆಲೆ ಏರಿ, ಭಾರತದ ಆಮದು ಒಪ್ಪಂದ ಟನ್ನಿಗೆ 590 ಡಾಲರಿಗೆ ಹೋಗಿತ್ತು. ಒಪ್ಪೋಣ.

ಆದರೆ 2023ರಲ್ಲಿ ಅದೇ ಒಪ್ಪಂದ 422 ಡಾಲರಿಗೆ ಇಳಿಯಿತು. ಟನ್ನಿಗೆ 168 ಡಾಲರ್ ಇಳಿಕೆ. ಅಂದಿನ 82 ರೂಪಾಯಿ ಆಸುಪಾಸಿನ ದರದಲ್ಲಿ ಚೀಲಕ್ಕೆ ಸುಮಾರು 690 ರೂಪಾಯಿ ಇಳಿಯಬೇಕಾಗಿತ್ತು. ಇಳಿಯಿತೇ? ಇಲ್ಲ. ಯಾಕೆಂದರೆ ಸರ್ಕಾರ ಅದೇ ಹೊತ್ತಿಗೆ ಸಬ್ಸಿಡಿ ಕತ್ತರಿಸಿತು. 2022ರ ಹಿಂಗಾರಿನಲ್ಲಿ ಒಂದು ಕಿಲೋ ಪೊಟ್ಯಾಷ್ ಸತ್ವಕ್ಕೆ 23 ರೂಪಾಯಿ 65 ಪೈಸೆ ಕೊಡುತ್ತಿದ್ದರು. 2023ರ ಮುಂಗಾರಿಗೆ 15 ರೂಪಾಯಿ 91 ಪೈಸೆ ಮಾಡಿದರು. ಅದೇ ವರ್ಷದ ಹಿಂಗಾರಿಗೆ 2 ರೂಪಾಯಿ 38 ಪೈಸೆ! ಚೀಲಕ್ಕೆ 709 ರೂಪಾಯಿ ಇದ್ದ ಸಬ್ಸಿಡಿ 71 ರೂಪಾಯಿಗೆ ಬಂತು. ಕತ್ತರಿಸಿದ್ದು ಸುಮಾರು 638 ರೂಪಾಯಿ. ಹೊರದೇಶದಲ್ಲಿ ಇಳಿದ 690ರಲ್ಲಿ ರೈತನ ಪಾಲಿಗೆ ಉಳಿದದ್ದು 50 ರೂಪಾಯಿ ಚಿಲ್ಲರೆ. ಬೆಲೆ ಏರಿದಾಗ ಅದು ರೈತನ ಹಣೆಬರಹ, ಇಳಿದಾಗ ಖಜಾನೆಯ ಲಾಭ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಪೊಟ್ಯಾಷ್ ಇಲ್ಲದಿದ್ದರೆ ಭತ್ತಕ್ಕೆ ಏನಾಗುತ್ತದೆ?

ಯೂರಿಯಾ ಹಾಕಿದ ನಾಲ್ಕು ದಿನಕ್ಕೆ ಗದ್ದೆ ಕಪ್ಪಗೆ ತಿರುಗುತ್ತದೆ, ಕಣ್ಣಿಗೆ ಕಾಣುತ್ತದೆ. ಪೊಟ್ಯಾಷ್ ಹಾಗೆ ಮೈ ತೋರಿಸುವುದಿಲ್ಲ. ಅದರ ಕೆಲಸ ಒಳಗಡೆ. ಎಲೆಯಲ್ಲಿ ತಯಾರಾದ ಆಹಾರ ಕಾಳಿಗೆ ಇಳಿಯಬೇಕಾದರೆ ಅದು ಬೇಕು. ಕಾಂಡ ಗಟ್ಟಿಯಾಗಿ ಗಾಳಿಗೆ ನಿಲ್ಲಬೇಕಾದರೆ ಬೇಕು. ಎಲೆಯ ಸೂಕ್ಷ್ಮ ರಂಧ್ರಗಳು ತೆರೆದು ಮುಚ್ಚಿ ನೀರನ್ನು ಹಿಡಿದಿಟ್ಟುಕೊಳ್ಳಬೇಕಾದರೆ ಬೇಕು. ಬೇರು ಆರೋಗ್ಯವಾಗಿದ್ದು ಕೆಸರಿನ ಕಬ್ಬಿಣದ ನಂಜನ್ನು ತಡೆಯಬೇಕಾದರೂ ಬೇಕು.

ಕೊರತೆಯಾದ ಗದ್ದೆಯನ್ನು ಗುರುತಿಸುವುದು ಹೀಗೆ. ಮೊದಲು ಕೆಳಗಿನ ಹಳೆಯ ಎಲೆ ನೋಡಿ. ತುದಿಯಿಂದ ಶುರುವಾಗಿ ಎರಡು ಅಂಚಿನಗುಂಟ ಹಳದಿ ಮಿಶ್ರಿತ ಕಂದು ಬಣ್ಣ ಇಳಿಯುತ್ತದೆ, ನಡುವಿನ ದಿಂಡು ಹಸಿರಾಗೇ ಇರುತ್ತದೆ. ಕೆಲವೊಮ್ಮೆ ಎಲೆ ಮೇಲೆ ಕಂದು ಚುಕ್ಕೆ. ಹೊಸ ಎಲೆ ಮಾತ್ರ ಕಡು ಹಸಿರು. ತೆನೆ ಮೊಳೆಯುವ ಹೊತ್ತಿಗೆ ಇದು ಎದ್ದು ಕಾಣುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿರಬಹುದು. ಕೊಯ್ಲಿನ ಹೊತ್ತಿಗೆ ಪೈರು ಮಲಗುತ್ತದೆ, ಜೊಳ್ಳು ಹೆಚ್ಚುತ್ತದೆ. ಸಾರಜನಕದ ಕೊರತೆಯಲ್ಲಿ ಇಡೀ ಎಲೆ ಒಂದೇ ಸಮ ಹಳದಿಯಾಗುತ್ತದೆ. ಇಲ್ಲಿ ಅಂಚು ಮೊದಲು. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ.

ಇಲ್ಲೇ ಸಾಲ ಹುಟ್ಟುವುದು. ಅಂಚು ಸುಟ್ಟ ಎಲೆಯನ್ನು ಕಿತ್ತುಕೊಂಡು ನಾವು ಎಲ್ಲಿಗೆ ಓಡುತ್ತೇವೆ? ಅಂಗಡಿಗೆ. ಅಂಗಡಿಯವನು ಎಲೆ ನೋಡಿ ಒಂದು ಬಾಟಲಿ ಕೊಡುತ್ತಾನೆ. ಅದರಲ್ಲಿ ಹೋಗದಿದ್ದರೆ ಇನ್ನೊಂದು. ಪೊಟ್ಯಾಷ್ ಕಡಿಮೆಯಾಗಿ ಯೂರಿಯಾ ಹೆಚ್ಚಾದ ಗದ್ದೆ ಮೆತ್ತಗಿರುತ್ತದೆ, ಬೆಂಕಿ ರೋಗ, ಕಂದು ಜಿಗಿ ಹುಳುಗಳಿಗೆ ಕರೆದು ಊಟ ಹಾಕಿದ ಹಾಗೆ. ಮತ್ತೆ ಬಾಟಲಿ, ಮತ್ತೆ ಕೂಲಿ, ಮತ್ತೆ ಚೀಟಿಯಲ್ಲಿ ಬರೆಸುವುದು. ಪೊಟ್ಯಾಷ್ ಬಿಟ್ಟು ಉಳಿಸಿದ ದುಡ್ಡು ಔಷಧಿಯ ರೂಪದಲ್ಲಿ ಬಡ್ಡಿ ಸಮೇತ ಹೋಯಿತು. ಸಾಲ ಕೊಡುವವನೇ ವೈದ್ಯನೂ ಆದರೆ ರೋಗ ಎಂದಿಗೂ ವಾಸಿಯಾಗುವುದಿಲ್ಲ.

ಹುಲ್ಲು ಮಾರುವ ಮುಂಚೆ ಈ ಲೆಕ್ಕ ಓದಿ

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಬೆಲೆ ಇಳಿಸುವ ಹೋರಾಟ ಒಂದು ಕಡೆ ನಡೆಯಲಿ, ನಮ್ಮ ಕೈಯಲ್ಲಿರುವುದನ್ನು ಕಳೆದುಕೊಳ್ಳುವುದು ನಿಲ್ಲಲಿ.

ಭತ್ತ ಭೂಮಿಯಿಂದ ಎತ್ತಿದ ಪೊಟ್ಯಾಷಿನಲ್ಲಿ ಕಾಳಿಗೆ ಹೋಗುವುದು ಸ್ವಲ್ಪ. ನೂರಕ್ಕೆ 80ಕ್ಕೂ ಮೇಲೆ ಹುಲ್ಲಿನಲ್ಲೇ ಉಳಿಯುತ್ತದೆ. ಒಂದು ಟನ್ ಭತ್ತದ ಕಾಳಿನಲ್ಲಿ ಸುಮಾರು 3 ಕಿಲೋ ಪೊಟ್ಯಾಷ್ ಸತ್ವ. ಒಂದು ಟನ್ ಹುಲ್ಲಿನಲ್ಲಿ ಸುಮಾರು 17 ಕಿಲೋ. ತಳಿ, ಮಣ್ಣು ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು.

ಎಕರೆಗೆ 25 ಕ್ವಿಂಟಲ್ ಭತ್ತ, ಅಷ್ಟೇ ತೂಕದ ಹುಲ್ಲು ಬಂತೆಂದು ಇಟ್ಟುಕೊಳ್ಳಿ. ಕಾಳಿನಲ್ಲಿ ಹೋದದ್ದು ಏಳೂವರೆ ಕಿಲೋ. ಹುಲ್ಲಿನಲ್ಲಿ ಹೋದದ್ದು 42 ಕಿಲೋ. ಒಟ್ಟು 50 ಕಿಲೋ. ನಾವು ಹಾಕುವುದೆಷ್ಟು? ದಕ್ಷಿಣದ ನಾಲೆ ಬಯಲಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100:50:50, ಅಂದರೆ ಎಕರೆಗೆ 20 ಕಿಲೋ ಪೊಟ್ಯಾಷ್ ಸತ್ವ, ಗೊಬ್ಬರದ ತೂಕದಲ್ಲಿ 33 ಕಿಲೋ. ತುಂಗಭದ್ರಾ ಅಚ್ಚುಕಟ್ಟಿಗೆ 150:75:75, ಎಕರೆಗೆ 30 ಕಿಲೋ ಸತ್ವ, ಸರಿಯಾಗಿ ಒಂದು ಚೀಲ. ಶಿಫಾರಸಿನಂತೆ ಹಾಕಿದರೂ, ಹುಲ್ಲು ಪೂರ್ತಿ ಹೊರಗೆ ಹೋದರೆ ಭೂಮಿಗೆ ಪ್ರತಿ ಬೆಳೆಗೆ ಎಕರೆಗೆ 20ರಿಂದ 30 ಕಿಲೋ ಖೋತಾ. ನಾಲೆ ನೀರು, ಮಣ್ಣಿನ ಖನಿಜ ಸ್ವಲ್ಪ ತುಂಬಿಕೊಡುತ್ತವೆ ನಿಜ. ಆದರೆ ಏನೂ ಹಾಕದೆ ಹುಲ್ಲೂ ಮಾರಿದವನ ಗತಿ ಏನು?

ಒಂದು ಟನ್ ಹುಲ್ಲಿನ 17 ಕಿಲೋ ಸತ್ವಕ್ಕೆ 2022ರ ಬೆಲೆಯಲ್ಲಿ 960 ರೂಪಾಯಿ. ಲಾರಿ ತಂದು ಹುಲ್ಲು ಕೊಳ್ಳುವವನಿಗೆ ನೀವು ಟನ್ನಿಗೆ ಸಾವಿರ ರೂಪಾಯಿ ಬೆಲೆಯ ಪೊಟ್ಯಾಷನ್ನು ಉಚಿತವಾಗಿ ತುಂಬಿಸಿ ಕಳಿಸುತ್ತಿದ್ದೀರಿ. ಮೈಸೂರು, ಚಾಮರಾಜನಗರ ಕಡೆಯ ಹುಲ್ಲು ಗಡಿ ದಾಟಿ ಕೇರಳದ ಹಸುಗಳಿಗೆ ಹೋಗುತ್ತದೆ. ಹೋಗಬಾರದೆಂದು ನಾವು ಹೇಳುವುದಿಲ್ಲ, ದುಡ್ಡು ಬೇಕಾದವನು ಮಾರುತ್ತಾನೆ. ಆದರೆ ಮಾರುವಾಗ ಮೇವಿನ ಬೆಲೆಯ ಜೊತೆ ಭೂಮಿಯ ಬೆಲೆಯನ್ನೂ ಸೇರಿಸಿ ಕೇಳಿ.

ಕೊಯ್ಲು ಯಂತ್ರ ಬಂದ ಮೇಲೆ ಗದ್ದೆಯಲ್ಲೇ ಬೆಂಕಿ ಇಡುವ ರೂಢಿ ಬೆಳೆದಿದೆ. ಸುಟ್ಟರೆ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಗಾಳಿಗೆ, ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಗುಡ್ಡೆ ಹಾಕಿ ಸುಟ್ಟರೆ ಇಡೀ ಗದ್ದೆಯ ಪೊಟ್ಯಾಷ್ ಒಂದೇ ಮೂಲೆಯಲ್ಲಿ ಬಿದ್ದಿರುತ್ತದೆ. ಸುಡುವ ಬದಲು ಹುಲ್ಲನ್ನು ಸಮನಾಗಿ ಹರಡಿ, ನಾಟಿಗೆ ಎರಡು ಮೂರು ವಾರ ಮೊದಲೇ ಉತ್ತು ನೀರು ಕಟ್ಟಿ. ಹಸಿ ಹುಲ್ಲು ಮಗುಚಿದ ಕೂಡಲೇ ನಾಟಿ ಮಾಡಿದರೆ ಅದು ಕೊಳೆಯುವಾಗ ಸಾರಜನಕ ಎಳೆದುಕೊಂಡು ಪೈರು ಹಳದಿಯಾಗುತ್ತದೆ, ಆದ್ದರಿಂದ ಅವಸರ ಬೇಡ.

ದನ ಇದ್ದ ಮನೆಗೆ ಇನ್ನೂ ಸುಲಭ. ಹುಲ್ಲು ತಿಂದ ದನದ ದೇಹದಿಂದ ಪೊಟ್ಯಾಷ್ ಹೆಚ್ಚಿನ ಪಾಲು ಹೊರಬರುವುದು ಸಗಣಿಯಲ್ಲಲ್ಲ, ಗಂಜಲದಲ್ಲಿ. ನಾವು ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕುತ್ತೇವೆ, ಗಂಜಲವನ್ನು ಚರಂಡಿಗೆ ಬಿಡುತ್ತೇವೆ. ಕೊಟ್ಟಿಗೆಯಲ್ಲಿ ಒಣ ಮಣ್ಣು, ಮುರಿದ ಹುಲ್ಲು, ತರಗು ಹಾಸಿ ಗಂಜಲ ಹೀರಿಸಿ ತಿಪ್ಪೆಗೆ ಹಾಕಿ. ತಿಪ್ಪೆಗೆ ನೆರಳು, ಮಳೆ ನೀರು ನುಗ್ಗದ ಹಾಗೆ ಬದು ಇರಲಿ. ಒಂದು ಟನ್ ಒಳ್ಳೆ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕಿಲೋ ಪೊಟ್ಯಾಷ್ ಸಿಗುತ್ತದೆ. ಒಲೆಯ ಸೌದೆ ಬೂದಿಯಲ್ಲಿ ನೂರು ಕಿಲೋಗೆ ಐದು ಕಿಲೋ ಆಸುಪಾಸು. ಬೂದಿಯನ್ನು ನೆನೆಯಲು ಬಿಡಬೇಡಿ, ಯೂರಿಯಾ ಜೊತೆ ಕಲಸಿ ಎರಚಬೇಡಿ, ಸಾರಜನಕ ಹಾರಿಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಹಿರಿಯರು ಬೂದಿಗುಂಡಿ, ತಿಪ್ಪೆಗುಂಡಿ ಕಾಯುತ್ತಿದ್ದದ್ದು ದಡ್ಡತನದಿಂದಲ್ಲ.

ಎಲ್ಲರ ಗದ್ದೆಗೂ ಒಂದೇ ಮದ್ದಲ್ಲ

ಹಾಗಾದರೆ ಎಲ್ಲರೂ ಓಡಿ ಹೋಗಿ ಪೊಟ್ಯಾಷ್ ತಂದು ಸುರಿಯಬೇಕೇ? ಅದೂ ಬೇಡ. ಬೇಡದ ಕಡೆ ಹಾಕುವುದೂ ಸಾಲವೇ.

ಕಪ್ಪು ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅಲ್ಲಿ ಒಂದೆರಡು ವರ್ಷ ಹಾಕದಿದ್ದರೂ ಇಳುವರಿ ಬೀಳದಿರಬಹುದು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು, ಮರಳು ಮಿಶ್ರಿತ ಕೆಂಪು ಮಣ್ಣುಗಳಲ್ಲಿ ಮಳೆಗೆ ತೊಳೆದುಹೋಗುತ್ತದೆ, ಹಿಡಿದಿಡುವ ಶಕ್ತಿ ಕಡಿಮೆ. ಅದಕ್ಕೇ ಅಲ್ಲಿಯ ಶಿಫಾರಸಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ಪೊಟ್ಯಾಷಿನ ಪಾಲು ಹೆಚ್ಚು. ಆದರೆ ಎರೆ ಮಣ್ಣಿನವರೂ ಒಂದು ಮಾತು ನೆನಪಿಡಿ. ಮಣ್ಣಿನಲ್ಲಿರುವುದು ಹಿರಿಯರು ಇಟ್ಟ ಇಡುಗಂಟು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ವರ್ಷಕ್ಕೆ ಎರಡು ಭತ್ತ ತೆಗೆದು, ಹುಲ್ಲು ಸುಟ್ಟು, ಏನೂ ಹಿಂತಿರುಗಿಸದಿದ್ದರೆ ಇಡುಗಂಟು ಕರಗಿದ್ದು ಗೊತ್ತಾಗುವುದು ನಮ್ಮ ಮಕ್ಕಳ ಕಾಲಕ್ಕೆ. ಅಂಗಡಿಯ ಸಾಲಕ್ಕೆ ಚೀಟಿ ಇರುತ್ತದೆ, ಭೂಮಿಯ ಹತ್ತಿರ ಮಾಡಿದ ಸಾಲಕ್ಕೆ ಚೀಟಿಯೂ ಇಲ್ಲ, ಮನ್ನಾವೂ ಇಲ್ಲ.

ಮಣ್ಣು ಪರೀಕ್ಷೆ ಮಾಡಿಸಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿ ಇದ್ದರೆ ತೆಗೆದು ಪೊಟ್ಯಾಷ್ ಸಾಲು ಓದಿ. ಹೆಕ್ಟೇರಿಗೆ 144 ಕಿಲೋಗಿಂತ ಕಡಿಮೆ ಎಂದಿದ್ದರೆ ಕೊರತೆ, 336ಕ್ಕೆ ಮೇಲಿದ್ದರೆ ಹೆಚ್ಚು, ನಡುವೆ ಇದ್ದರೆ ಮಧ್ಯಮ. ಕೊರತೆ ಇದ್ದವರು ಶಿಫಾರಸಿಗಿಂತ ಸ್ವಲ್ಪ ಹೆಚ್ಚಿಸಿ, ಹೆಚ್ಚಿದ್ದವರು ತಗ್ಗಿಸಿ.

ಕಾಗದ ನಂಬದವರು ಗದ್ದೆಯನ್ನೇ ಕೇಳಿ. ಒಂದೇ ಬಗೆಯ ಮಣ್ಣಿನಲ್ಲಿ ಬದು ಹಾಕಿ ಐದು ಗುಂಟೆ ಬೇರೆ ಮಾಡಿ, ಅಲ್ಲಿ ಪೊಟ್ಯಾಷ್ ಬಿಡಿ. ಪಕ್ಕದ ಐದು ಗುಂಟೆಗೆ ಹಾಕಿ. ಮಿಕ್ಕದ್ದೆಲ್ಲ ಎರಡಕ್ಕೂ ಒಂದೇ ಇರಲಿ. ಕೊಯ್ದು ಬೇರೆ ಬೇರೆ ತೂಕ ಮಾಡಿ. 2022ರ ಬೆಲೆಯಲ್ಲಿ 33 ಕಿಲೋ ಪೊಟ್ಯಾಷಿಗೆ 1,122 ರೂಪಾಯಿ. 2,040ರ ಭತ್ತದಲ್ಲಿ ಅದು ಎಕರೆಗೆ 55 ಕಿಲೋ ಭತ್ತ, ಐದು ಗುಂಟೆಗೆ ಸುಮಾರು 7 ಕಿಲೋ. ಅಂತರ ಅದಕ್ಕಿಂತ ಹೆಚ್ಚು ಬಂದರೆ ಪೊಟ್ಯಾಷ್ ತನ್ನ ಬೆಲೆ ತಾನೇ ತೀರಿಸಿತು. ಈ ವರ್ಷದ ಲೆಕ್ಕಕ್ಕೆ ನಿಮ್ಮ ಚೀಲದ ಬೆಲೆಯನ್ನೂ ನಿಮ್ಮ ಕೈಗೆ ಬಂದ ಭತ್ತದ ಬೆಲೆಯನ್ನೂ ಹಾಕಿಕೊಳ್ಳಿ. ಊರಿಗೆ ನಾಲ್ಕು ಮಂದಿ ಹೀಗೆ ಮಾಡಿದರೆ ಯಾವ ಅಂಗಡಿಯವನ ಮಾತೂ ಬೇಕಾಗುವುದಿಲ್ಲ.

ಹಾಕುವ ಕ್ರಮವೂ ಮುಖ್ಯ. ಜೇಡಿ, ಎರೆ ಮಣ್ಣಿನಲ್ಲಿ ನಾಟಿಗೆ ಮುಂಚೆ ಒಂದೇ ಸಲ ಹಾಕಬಹುದು. ಮರಳು ಮಣ್ಣಿನಲ್ಲಿ ಅರ್ಧ ನಾಟಿಗೆ, ಅರ್ಧ ತೆನೆ ಮೊಳೆಯುವ ಹೊತ್ತಿಗೆ. ಒಂದು ತೆಂಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಬುಡದ ಗೆಣ್ಣಿನ ಮೇಲೆ ಬಿಳಿ ಪುಕ್ಕದ ಹಾಗೆ ಎಳೆ ತೆನೆ ಕಾಣುತ್ತದೆ, ಅದೇ ಹೊತ್ತು. ಕಳೆ ತೆಗೆದು, ನೀರು ಬಸಿದು ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಡಿ.ಎ.ಪಿ.ಯಲ್ಲಿ ಪೊಟ್ಯಾಷ್ ಕಿಂಚಿತ್ತೂ ಇಲ್ಲ. 10:26:26ರ ಚೀಲದಲ್ಲಿ 13 ಕಿಲೋ ಇದೆ, 17:17:17ರಲ್ಲಿ ಎಂಟೂವರೆ ಕಿಲೋ. ಮಿಶ್ರ ಗೊಬ್ಬರ ಹಾಕಿದವರು ಅದನ್ನು ಕಳೆದು ಮಿಕ್ಕದ್ದಷ್ಟೇ ಕೊಳ್ಳಿ. ಕೆಂಪು ಪೊಟ್ಯಾಷ್, ಬಿಳಿ ಪೊಟ್ಯಾಷ್ ಎರಡೂ ಒಂದೇ, ಬಣ್ಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಒಂದು ಚಮಚ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ಬಹುಪಾಲು ಕರಗಬೇಕು. ತಳದಲ್ಲಿ ಇಟ್ಟಿಗೆ ಪುಡಿಯಂತೆ ಕೂತರೆ ಕೃಷಿ ಅಧಿಕಾರಿಗೆ ದೂರು ಕೊಡಿ. ರಸೀದಿ ಇಲ್ಲದೆ ಕೊಳ್ಳಬೇಡಿ, ರಸೀದಿ ಇಲ್ಲದವನ ದೂರು ಯಾರೂ ಕೇಳುವುದಿಲ್ಲ.

ನಾವು ಕೇಳಬೇಕಾದದ್ದು

ಮೊದಲನೆಯದು ಬೆಲೆ. "ಯೂರಿಯಾ ಅಗ್ಗವಾಗಿದೆ, ಅದರ ಬೆಲೆ ಏರಿಸಿದರೆ ಸಮತೋಲ ಬರುತ್ತದೆ" ಎಂದು ದೆಹಲಿಯಲ್ಲಿ ಮಾತಾಡುವವರಿದ್ದಾರೆ. ಇದಕ್ಕೆ ನಮ್ಮ ಉತ್ತರ ಒಂದೇ. ಕುಂಟುವ ಕಾಲಿಗೆ ಮದ್ದು ಹಾಕಿ, ಸರಿಯಿರುವ ಕಾಲನ್ನು ಮುರಿಯಬೇಡಿ. ಪೊಟ್ಯಾಷಿನ ಸಬ್ಸಿಡಿಯನ್ನು 2010ರಲ್ಲಿ ಕಿಲೋಗೆ 24 ರೂಪಾಯಿ 48 ಪೈಸೆ ಕೊಟ್ಟು ಶುರು ಮಾಡಿದ ಸರ್ಕಾರ 2023ರಲ್ಲಿ 2 ರೂಪಾಯಿ 38 ಪೈಸೆಗೆ ಇಳಿಸಿತು. ಆ ಪಾಲು ಹಿಂತಿರುಗಬೇಕು. ಹೊರದೇಶದ ಬೆಲೆ ಇಳಿದಾಗ ಚೀಲದ ಬೆಲೆಯೂ ಅಷ್ಟೇ ಇಳಿಯಬೇಕು.

ಎರಡನೆಯದು, ಭತ್ತದ ಬೆಲೆ. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲೇ ಬೆಂಬಲ ಬೆಲೆ ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ನೂರಕ್ಕೆ 50 ಹೆಚ್ಚಿರಬೇಕು ಎಂದಿತು. ಆ ವೆಚ್ಚದಲ್ಲಿ ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಎಲ್ಲ ಸೇರಬೇಕೆಂಬುದು ನಮ್ಮ ಬೇಡಿಕೆ. ಸರ್ಕಾರ ಅವನ್ನು ಬಿಟ್ಟು ಲೆಕ್ಕ ಹಾಕಿ, ಕೊಟ್ಟೆವು ಎನ್ನುತ್ತದೆ. ಇನ್ನೊಂದು ಸೇರಿಸೋಣ: ಹುಲ್ಲು, ಕಾಳುಗಳ ಜೊತೆ ಭೂಮಿಯಿಂದ ಹೋದ ಸತ್ವವನ್ನೂ ವೆಚ್ಚದಲ್ಲಿ ಹಿಡಿಯಬೇಕು.

ಮೂರನೆಯದು, ನಮ್ಮದೇ ಪೊಟ್ಯಾಷ್. ಕಬ್ಬು ನಮ್ಮ ಗದ್ದೆಯಿಂದ ಎತ್ತಿದ ಪೊಟ್ಯಾಷ್ ಕಾರ್ಖಾನೆಯ ಕಾಕಂಬಿಗೆ ಹೋಗಿ, ಅಲ್ಲಿಂದ ಮದ್ಯಸಾರ ಘಟಕದ ತ್ಯಾಜ್ಯಕ್ಕೆ ಇಳಿಯುತ್ತದೆ. ಅದನ್ನು ಸುಟ್ಟ ಬೂದಿಯಿಂದ ನೂರಕ್ಕೆ ಕನಿಷ್ಠ ಹದಿನಾಲ್ಕೂವರೆ ಪಾಲು ಸತ್ವದ ಗೊಬ್ಬರ ತಯಾರಾಗುತ್ತದೆ. ಇದನ್ನು 2021ರಲ್ಲಿ ಸಬ್ಸಿಡಿ ಪಟ್ಟಿಗೆ ಸೇರಿಸಿದರು. 2024ರ ಜನವರಿಯಲ್ಲಿ ಕಾರ್ಖಾನೆಗಳು ಗೊಬ್ಬರ ಕಂಪನಿಗಳಿಗೆ ಮಾರುವ ಬೆಲೆ ಟನ್ನಿಗೆ 4,263 ರೂಪಾಯಿ ಎಂದು ನಿಗದಿಯಾಯಿತು. ಸತ್ವ ಕಿಲೋಗೆ 30 ರೂಪಾಯಿಯ ಒಳಗೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಂಥ ಸಕ್ಕರೆ ಸೀಮೆಯಲ್ಲಿ ಈ ಗೊಬ್ಬರ ಕಂಪನಿಯ ಚೀಲ ಹೊಕ್ಕು ಬೆಲೆ ಏರಿಸಿಕೊಂಡು ಬರುವುದು ಯಾಕೆ? ಕಾರ್ಖಾನೆಯಿಂದ ನೇರ ಸಹಕಾರ ಸಂಘಕ್ಕೆ ಬರಲಿ. ನಮ್ಮ ಹೊಲದ ಉಪ್ಪನ್ನು ನಮಗೇ ಎರಡು ಪಟ್ಟಿಗೆ ಮಾರುವುದು ನ್ಯಾಯವಲ್ಲ.

ನಾಲ್ಕನೆಯದು ಸಾಲ. ರಾಜ್ಯದಲ್ಲಿ ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರಲ್ಲಿ ಘೋಷಿಸಿದರು. ಘೋಷಣೆ ಹೊಟ್ಟೆ ತುಂಬಿಸುವುದಿಲ್ಲ. ಸಾಲ ನಾಟಿಗೆ ಮುಂಚೆ ಬರಬೇಕು, ಅದರಲ್ಲಿ ಪೊಟ್ಯಾಷ್ ಸೇರಬೇಕು, ಸಂಘದ ಗೋದಾಮಿನಲ್ಲಿ ಚೀಲ ಇರಬೇಕು. ಕಳೆ ತೆಗೆಯುವ ಹೊತ್ತಿಗೆ ಬಂದ ಸಾಲ ಅಂಗಡಿಯ ಬಾಕಿ ತೀರಿಸಲು ಮಾತ್ರ ಆಗುತ್ತದೆ. ಯೂರಿಯಾ ಬೇಕಾದರೆ ಬೇಡದ ಡಬ್ಬಿಯನ್ನೂ ಕೊಳ್ಳಬೇಕೆಂದು ಒತ್ತಾಯಿಸುವ ದಂಧೆ ನಿಲ್ಲಬೇಕು. ಆ ಡಬ್ಬಿಗೆ ಹೋಗುವ ದುಡ್ಡೇ ಪೊಟ್ಯಾಷಿನ ದುಡ್ಡು.

ಬಾಂಧವರೇ, 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದು ನೀರಿನ ಕರ, ಅಭಿವೃದ್ಧಿ ಕರಗಳ ಲೆಕ್ಕ ಕೇಳಿ. ತಮಗೆ ಬರೆದ ಬಾಕಿ ನ್ಯಾಯವೇ ಎಂದು ಅವರು ಕೇಳಿದರು. ಲೆಕ್ಕ ಕೇಳುವ ರೈತನನ್ನು ಕಂಡರೆ ಅಧಿಕಾರಕ್ಕೆ ಭಯ. ಆದ್ದರಿಂದ ಈ ಸಲ ಸಂಘದ ಸಭೆಗೆ ಬರುವಾಗ ಮೂರು ಕಾಗದ ತನ್ನಿ: ಗೊಬ್ಬರದ ರಸೀದಿ, ಭತ್ತ ಮಾರಿದ ಚೀಟಿ, ಮಣ್ಣಿನ ಚೀಟಿ. ಮೂರನ್ನೂ ಪಕ್ಕಪಕ್ಕ ಇಟ್ಟು ಊರಿನ ಲೆಕ್ಕ ಬರೆಯೋಣ. ಆ ಪಟ್ಟಿಯನ್ನು ಹಿಡಿದು ತಾಲ್ಲೂಕಿಗೆ ಹೋಗೋಣ. ಅಲ್ಲಿಯವರೆಗೆ ಹುಲ್ಲಿಗೆ ಬೆಂಕಿ ಇಡಬೇಡಿ, ಗಂಜಲವನ್ನು ಚರಂಡಿಗೆ ಬಿಡಬೇಡಿ.